ಮೂರನೆಯ ಚರಣದಲ್ಲಿ ನಿಂತ ಹಾಡು

ನಾನು ನಿಂತಿದ್ದದ್ದು ಮಂಡ್ಯದ ಒಂದು ಸಭಾಂಗಣದ ವೇದಿಕೆಯಲ್ಲಿ, ಜನ ಕೂತು ನೋಡುವಾಗ ಬಲಕ್ಕೆ ಬರುವ ಎರಡನೆಯ ಸೈಡ್‌ವಿಂಗಿನ ಮರೆಯಲ್ಲಿ. ನಾಲ್ಕು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ, ಬೆಳಿಗ್ಗೆ ಹನ್ನೊಂದು ಐವತ್ತು. ಗಂಟೆ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಪ್ರತಿ ದೃಶ್ಯ ಶುರುವಾದ ಸಮಯವನ್ನು ನಾನು ನಾಟಕದ ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದೆ. ಆ ಪುಟ ಈಗಲೂ ನನ್ನ ಹತ್ತಿರ ಇದೆ. ಎಡಗೈಯಲ್ಲಿ ಪುಸ್ತಕವಿತ್ತು, ಬಲಗೈಯಲ್ಲಿ ಕೆಂಪು ಪೆನ್ನು. ಸಮಯ ಬರೆಯಲು ಯಾವ ಬಣ್ಣದ ಪೆನ್ನಾದರೂ ಆಗುತ್ತಿತ್ತು. ನಾನು ತಂದಿದ್ದು ಕೆಂಪು.

ನನ್ನಿಂದ ಒಂಬತ್ತು ಹೆಜ್ಜೆ ದೂರದಲ್ಲಿ ನನ್ನ ಅಣ್ಣ ನಿಂತಿದ್ದ. ತಲೆಯ ಮೇಲೆ ಕಿರೀಟ, ಮುಖಕ್ಕೆ ಅಂಟಿಸಿದ ಬಿಳಿಯ ಗಡ್ಡ. ಮಗನನ್ನು ಯುದ್ಧಕ್ಕೆ ಕಳಿಸುವ ಮುದಿ ರಾಜನ ಪಾರ್ಟು ಅವನದು. ಆ ಒಂಬತ್ತು ಹೆಜ್ಜೆಯನ್ನು ಅವತ್ತು ಎಣಿಸಿದ್ದಲ್ಲ. ಒಂದು ತಿಂಗಳಾದ ಮೇಲೆ, ಸಭಾಂಗಣ ಖಾಲಿ ಇದ್ದ ದಿನ ಹೋಗಿ, ಕಾವಲಿನವರನ್ನು ಕೇಳಿಕೊಂಡು, ನಡೆದು ನೋಡಿ ಬಂದೆ.

ನಾನು ಮದ್ದೂರಿನ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಆಗ ಅವನು ಮಳವಳ್ಳಿ ಕಡೆಯ ಬ್ಲಫ್ ಎಂಬ ಊರಿನಲ್ಲಿ, ಕರೆಂಟ್ ತಯಾರಾಗುವ ಪವರ್ ಹೌಸಿನಲ್ಲಿ ಹೆಲ್ಪರ್ ಆಗಿದ್ದ, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನಮ್ಮ ಕಡೆ ಗಂಡಸರು ಅರ್ಧ ವಯಸ್ಸು ಕಳೆದ ಮೇಲೆ ಪೌರಾಣಿಕ ನಾಟಕ ಕಲಿಯಲು ಸೇರುವುದು ಹೊಸದೇನಲ್ಲ. ಗದ್ದೆ ಮಾಡುವವರು, ಬಸ್ ಓಡಿಸುವವರು, ಆಫೀಸಿನವರು ಎಲ್ಲ ಕೂಡಿ, ಹಾರ್ಮೋನಿಯಂ ಬಾರಿಸುವ ನಾಟಕದ ಮೇಷ್ಟ್ರೊಬ್ಬರನ್ನು ಗೊತ್ತುಮಾಡಿ, ಆರೇಳು ತಿಂಗಳು ಪದ, ಅಂದರೆ ನಾಟಕದ ಹಾಡು, ಕಲಿಯುತ್ತಾರೆ. ಕೊನೆಗೆ ಒಂದು ದಿನ ಬಣ್ಣ ಹಚ್ಚುತ್ತಾರೆ. ನೆಂಟರೆಲ್ಲ ಹಾರ ಹಿಡಿದು ಬರುತ್ತಾರೆ. ಅಷ್ಟೇ. ಮಾರನೆಯ ದಿನ ಎಲ್ಲರೂ ಅವರವರ ಕೆಲಸಕ್ಕೆ.

ಅಭ್ಯಾಸ ನಡೆಯುತ್ತಿದ್ದದ್ದು ಮಳವಳ್ಳಿಯಲ್ಲಿ, ಮುಚ್ಚಿಹೋದ ಒಂದು ಅಕ್ಕಿ ಗಿರಣಿಯ ಶೆಡ್ಡಿನಲ್ಲಿ, ಭಾನುವಾರ ಮಧ್ಯಾಹ್ನ. ನಾಟಕದ ಮೇಷ್ಟ್ರು ಆತಗೂರಿನ ಕಡೆಯವರು, ಎಪ್ಪತ್ತು ದಾಟಿದವರು. ತಬಲ ನುಡಿಸುತ್ತಿದ್ದವರು ಮದ್ದೂರಿನ ಸಾಬರು, ವಾರವೆಲ್ಲ ಸ್ಕೂಟರ್ ರಿಪೇರಿ ಮಾಡುವವರು. ಅವರ ಸ್ಕೂಟರಿನ ಹಿಂದೆಯೇ ಕೂತು ನಾನು ಮಳವಳ್ಳಿಗೆ ಹೋಗಿ ಬರುತ್ತಿದ್ದೆ. ನನಗೂ ಒಂದು ಸಣ್ಣ ಪಾರ್ಟು ಕೊಡುತ್ತೇನೆಂದಿದ್ದರು ಮೇಷ್ಟ್ರು. ಮಂತ್ರಿಯದು, ಎರಡೇ ಪದ. ಗಂಟಲು ಸರಿಯಿಲ್ಲವೆಂದು ತಪ್ಪಿಸಿಕೊಂಡೆ. ನನ್ನ ಗಂಟಲಿಗೆ ಏನೂ ಆಗಿರಲಿಲ್ಲ. ಪುಸ್ತಕ ಹಿಡಿದು ಕೂರುವ ಕೆಲಸ ಒಪ್ಪಿಕೊಂಡೆ. ಯಾರಾದರೂ ಮಾತು ಮರೆತರೆ ಹೇಳಿಕೊಡುವುದು.

ಮೊದಲ ಎರಡು ತಿಂಗಳು ಅಣ್ಣ ತಪ್ಪದೆ ಹಾಡಿದ ಪದ ಒಂದೂ ಇರಲಿಲ್ಲ. ಅವನು ಬೆರಳಿಟ್ಟುಕೊಂಡು ನಿಧಾನವಾಗಿ ಓದುವವನು. ಹಾಡುತ್ತ ಹಾಡುತ್ತ ನಡುವೆ ನಿಂತುಬಿಡುತ್ತಿದ್ದ. ಮಗನ ಪಾರ್ಟು ಮಾಡುತ್ತಿದ್ದ ಬಸ್ ಡ್ರೈವರು ಕೂಡಲೇ ಕೂಗುತ್ತಿದ್ದ:

“ಕರೆಂಟಣ್ಣಾ, ಕರೆಂಟ್ ಓಯ್ತಾ? ಯಾವ ಲೈನ್ ಟ್ರಿಪ್ಪಾಯ್ತು ನೋಡು!”

“ಲೇ, ನಿನ್ ಬಸ್ಸು ಬೆಸಗರಳ್ಳಿ ತಿರುವ್ನಲ್ಲಿ ಕೆಟ್ಟು ನಿಂತ್ಕತದಲ್ಲ, ಅದ್ಕಿಂತ ಬಿರ್ನೆ ಬತ್ತೀನಿ. ಸುಮ್ಕಿರ್ಲಾ,” ಎನ್ನುತ್ತಿದ್ದ ಅಣ್ಣ.

ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ. ಆ ನಗುವಿನ ನಡುವೆಯೂ ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸುತ್ತಿರಲಿಲ್ಲ. ಅದು ಅವರ ಕ್ರಮ. ಹಾಡುವವನು ತಪ್ಪಿದರೆ ಅದೇ ಸ್ವರದ ಸುತ್ತ ಸುತ್ತುತ್ತಿದ್ದರು, ಅವನಿಗೆ ದಾರಿ ಸಿಗುವವರೆಗೆ.

“ನಿಲ್ಬೇಡ ಕಣಣ್ಣ. ನಾ ಇಲ್ಲೇ ಸುತ್ತಾಡ್ತಿರ್ತೀನಿ. ಬಸ್ಸು ನಿಧಾನ ಆದಾಗ ಓಡೋಗಿ ಅತ್ಕಳಲ್ವಾ, ಅಂಗೇ ಅತ್ಕೋ. ಎಲ್ ಅತ್ತುದ್ರೂ ಅದೇ ಬಸ್ಸು,” ಎನ್ನುತ್ತಿದ್ದರು.

ಅಣ್ಣ ಹತ್ತಿಕೊಳ್ಳುತ್ತಿದ್ದ. ಕೆಲವು ಸಲ ತಪ್ಪು ಕಡೆಯೇ ಹತ್ತಿಕೊಂಡು, ಮುಂದಿನ ಸಾಲಿನಲ್ಲಿ ಸರಿಮಾಡಿಕೊಳ್ಳುತ್ತಿದ್ದ. ಅಭ್ಯಾಸ ಮುಗಿದ ಮೇಲೆ ನನ್ನ ಹತ್ತಿರ ಬಂದು, ಏನೋ ಗೆದ್ದವನ ಹಾಗೆ ಹೇಳುತ್ತಿದ್ದ: “ಇವತ್ತು ಏಳ್ ಕಡೆ ಎಡವ್ದೆ ಕಣ್ಲಾ. ಓದ್ವಾರ ಅನ್ನೊಂದು.”

ಒಂದು ಭಾನುವಾರ, ಶೆಡ್ಡಿನ ಹೊರಗೆ ಟೀ ಕುಡಿಯುವಾಗ, ಅವನು ಜೇಬಿನಿಂದ ಮಡಿಸಿದ ಒಂದು ಕಾಗದ ತೆಗೆದ. ಹತ್ತನೆಯ ತರಗತಿ ಪರೀಕ್ಷೆಯನ್ನು ಖಾಸಗಿಯಾಗಿ ಬರೆಯಲು ಬೇಕಾದ ಅರ್ಜಿ. ಹುಡುಗನಾಗಿದ್ದಾಗ ಅವನಿಗೆ ಎರಡು ಸಬ್ಜೆಕ್ಟು ಹೋಗಿತ್ತು, ಲೆಕ್ಕ ಮತ್ತು ಇಂಗ್ಲಿಷು. ಮತ್ತೆ ಕಟ್ಟಿರಲಿಲ್ಲ.

“ಅದಿನೈದು ಪದ ಬಾಯ್ಗೆ ಬಂದವೆ ಅಂದ್ರೆ ಆ ಎರಡು ಯಾವ ಲೆಕ್ಕ?” ಎಂದ. “ನಾಟ್ಕ ಮುಗುದ್ ಮೇಲೆ ಕಟ್ತೀನಿ. ಲೆಕ್ಕ ನೀ ಏಳ್ಕೊಡು.”

“ಇನ್ನೆರಡು ವರ್ಷಕ್ಕೆ ರಿಟೈರಾಗ್ತೀಯ. ಈಗ್ಯಾಕಣ್ಣ?”

“ಯಾಕೂ ಇಲ್ಲ. ಆವಾಗ ಬರ್ನಿಲ್ಲ, ಈಗ ಬತ್ತದಾ ನೋಡನ ಅಂತ.”

ಅರ್ಜಿಯಲ್ಲಿ ತನ್ನ ಹೆಸರು, ಅಪ್ಪನ ಹೆಸರು ಪೆನ್ಸಿಲಿನಲ್ಲಿ ಬರೆದಿದ್ದ. ನಾನು ನೋಡಿ ಸರಿ ಎಂದ ಮೇಲೆ ಇಂಕಿನಲ್ಲಿ ಬರೆಯುವುದು ಅವನ ಯೋಚನೆ. ನಾನು ನೋಡಿದೆ. ಎರಡು ತಪ್ಪು ತೋರಿಸಿದೆ.

ಇಲ್ಲಿ ನನ್ನ ವಿಷಯವನ್ನೂ ಬರೆಯಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಶಾಲೆಯಲ್ಲಿ ಎಲ್ಲೂ ಫೇಲಾದವನಲ್ಲ. ಮೂವತ್ತನೆಯ ವಯಸ್ಸಿನಲ್ಲಿ ಕಾಲೇಜು ಉಪನ್ಯಾಸಕರ ಹುದ್ದೆಗೆ ಒಂದು ಪರೀಕ್ಷೆ ಬರೆದೆ. ಪಾಸಾಗಲಿಲ್ಲ. ಮನೆಯಲ್ಲಿ, ಅವತ್ತು ಜ್ವರ ಬಂದು ಪರೀಕ್ಷೆಗೇ ಕೂರಲಿಲ್ಲ ಎಂದು ಹೇಳಿದೆ. ಅಣ್ಣ ನಂಬಿದ, ಮುಂದಿನ ವರ್ಷ ಬರಿ ಎಂದ. ನಾನು ಮತ್ತೆ ಬರೆಯಲಿಲ್ಲ. ಅಲ್ಲಿಂದ ಈಚೆಗೆ, ಸೋಲಬಹುದಾದ ಯಾವುದಕ್ಕೂ ಕೈ ಹಾಕಿಲ್ಲ. ಪಾಠಕ್ಕೆ ಅಂದು ಬರೆದಿಟ್ಟುಕೊಂಡ ನೋಟ್ಸೇ ಇಂದಿಗೂ. ತಪ್ಪದ ಮೇಷ್ಟ್ರು ಎಂದು ಸ್ಕೂಲಿನಲ್ಲಿ ಹೆಸರಿದೆ. ಬೋರ್ಡಿನ ಮುಂದೆ ಮಕ್ಕಳು ಲೆಕ್ಕ ಬಿಡಿಸುವಾಗ ತಪ್ಪು ಹೆಜ್ಜೆ ಇಟ್ಟರೆ ನಾನು ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ಸುಮ್ಮನೆ ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತೇನೆ, ಅಲ್ಲ ಎಂದು. ಸೀಮೆಸುಣ್ಣ ಹಿಡಿದ ಕೈ ಅಲ್ಲೇ ನಿಂತುಬಿಡುತ್ತದೆ. ಅದನ್ನು ಶಿಸ್ತು ಎಂದುಕೊಂಡಿದ್ದೆ.

ಅಣ್ಣನಿಗೂ ಅದನ್ನೇ ಮಾಡಿದೆ. ಅವನ ಪದಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಟ್ಟೆ. ಅದು ಅವನಿಗೆ ನೆರವಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆಮೇಲೆ ಪ್ರತಿ ಭಾನುವಾರ ಅವನು ಎಲ್ಲೆಲ್ಲಿ ತಪ್ಪಿದನೋ ಅಲ್ಲಲ್ಲಿ ಕೆಂಪು ಗುರುತು ಹಾಕಿ ಕೈಗೆ ಕೊಡತೊಡಗಿದೆ. ಅವನಿಗೆ ಎದುರಾಗಿ ಒಂದು ಮರದ ಪೆಟ್ಟಿಗೆ ಬೋರಲು ಹಾಕಿಕೊಂಡು ಕೂರುತ್ತಿದ್ದೆ. ತಪ್ಪಿದಾಗ ತಲೆ ಆಡಿಸುತ್ತಿದ್ದೆ. ಸರಿಯಾದಾಗ ಏನೂ ಮಾಡುತ್ತಿರಲಿಲ್ಲ.

ನಾಲ್ಕನೆಯ ತಿಂಗಳ ಹೊತ್ತಿಗೆ ಅವನು ಎಡವಿದ್ದರ ಲೆಕ್ಕ ಹೇಳುವುದನ್ನು ಬಿಟ್ಟ. ತಪ್ಪುಗಳು ಕಡಿಮೆಯಾಗಿದ್ದವು, ಅದು ನಿಜ. ಡ್ರೈವರು ಕರೆಂಟಿನ ಮಾತು ತೆಗೆದರೆ ನಗುವುದೂ ಕಡಿಮೆಯಾಯಿತು. ಪ್ರತಿ ಚರಣ ಶುರುಮಾಡುವ ಮೊದಲು ಒಮ್ಮೆ ನನ್ನ ಕಡೆ ನೋಡುತ್ತಿದ್ದ. ಒಂದು ವಾರ ನಾನು ಹೋಗುವಷ್ಟರಲ್ಲಿ ನನ್ನ ಪೆಟ್ಟಿಗೆಯನ್ನು ಯಾರೋ ಕಂಬದ ಹಿಂದಕ್ಕೆ ಸರಿಸಿದ್ದರು. ನಾಟಕದ ಮೇಷ್ಟ್ರು ಸರಿಸಿದ್ದು ಎಂದು ಆಮೇಲೆ ತಿಳಿಯಿತು. ನಾನು ಅದನ್ನು ಎತ್ತಿ ಮೊದಲಿನ ಜಾಗಕ್ಕೇ ತಂದಿಟ್ಟುಕೊಂಡೆ. ಅವರು ನೋಡಿದರು, ಏನೂ ಹೇಳಲಿಲ್ಲ.

ಹೇಳಿದವರು ತಬಲದ ಸಾಬರು. ಆ ಸಂಜೆ ಮದ್ದೂರಿಗೆ ವಾಪಸಾಗುವಾಗ ದಾರಿಯಲ್ಲಿ ಎಳನೀರು ಕುಡಿಯಲು ಸ್ಕೂಟರ್ ನಿಲ್ಲಿಸಿದ್ದರು.

“ಸಾರ್, ಒಂದ್ ಮಾತು. ಬೇಜಾರ್ ಮಾಡ್ಕೋಬೇಡಿ. ನಾನ್ ಕೆಲ್ಸ ಕಲ್ತ ಗ್ಯಾರೇಜ್ನಲ್ಲಿ ಒಬ್ರು ಉಸ್ತಾದ್ ಇದ್ರು. ಭಾಳ ಒಳ್ಳೇವ್ರು. ಸ್ಪ್ಯಾನರ್ ತಪ್ ಹಾಕಿದ್ರೆ ಬೈತಿರ್ಲಿಲ್ಲ, ಬರೀ ಕೆಮ್ಮೋರು. ಆಮೇಲಾಮೇಲೆ ನಂಗೆ ಹೆಂಗಾಯ್ತು ಅಂದ್ರೆ, ಅವ್ರ ಕೆಮ್ಮು ಬತ್ತದಾ ಇಲ್ವಾ ಅಂತ ಕಾದು, ಆಮೇಲೆ ನಟ್ಟು ತಿರುಗಿಸೋದು. ಅವ್ರಿಗೆ ನೆಗಡಿ ಬಂದ್ರೆ ನನ್ ಕೆಲ್ಸ ಬಂದ್!”

ನಾನು ನಕ್ಕೆ. ಅವರೂ ನಕ್ಕರು. ಎಳನೀರಿನ ಬುರುಡೆ ಬಿಸಾಡಿ, ಸ್ಕೂಟರ್ ಒದೆಯುತ್ತ ಹೇಳಿದರು: “ನಿಮ್ಮಣ್ಣಾವ್ರು ಈಗ ಹಾರ್ಮೋನಿಯಂ ಕೇಳ್ತಿಲ್ಲ ಸಾರ್, ನನ್ ತಬಲಾನೂ ಕೇಳ್ತಿಲ್ಲ. ನಿಮ್ ತಲೆ ನೋಡ್ಕೊಂಡ್ ಹಾಡ್ತವ್ರೆ.”

ನನಗೆ ಅದು ಹೊಗಳಿಕೆಯ ಹಾಗೆ ಕೇಳಿಸಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಹಾಗೆಯೇ ಕೇಳಿಸಿತು.

ಈಗ ಆ ಹನ್ನೊಂದು ಐವತ್ತಕ್ಕೆ ಬರುತ್ತೇನೆ.

ಮಗನನ್ನು ಕಳಿಸುವ ಪದಕ್ಕೆ ಒಂದು ಪಲ್ಲವಿ, ಮೂರು ಚರಣ. ವೇದಿಕೆಯ ಎಡ ಅಂಚಿನಲ್ಲಿ, ಅಂದರೆ ನನಗೆ ನೇರ ಎದುರಿಗೆ, ಮೇಷ್ಟ್ರು ಹಾರ್ಮೋನಿಯಂ ತುಳಿಯುತ್ತಿದ್ದರು. ಅವರ ಪಕ್ಕ ತಬಲದವರು. ನಡುವೆ ಅಣ್ಣ. ಅಣ್ಣನಿಗೂ ನನಗೂ ಮಧ್ಯೆ, ನನಗೆ ಬೆನ್ನು ಮಾಡಿಕೊಂಡು, ಮಗನ ಪಾರ್ಟಿನ ಡ್ರೈವರು. ಮೂರನೆಯ ಸಾಲಿನ ಕುರ್ಚಿಯಲ್ಲಿ ಅತ್ತಿಗೆ, ಮಡಿಲಲ್ಲಿ ಸುಗಂಧರಾಜದ ಹಾರವಿದ್ದ ಚೀಲ.

ಪಲ್ಲವಿ ಹಾಡಿದ. ಮೊದಲ ಚರಣ ಹಾಡಿದ. ಆರು ತಿಂಗಳ ಅಭ್ಯಾಸದಲ್ಲಿ ಅಷ್ಟು ಚೆನ್ನಾಗಿ ಅವನು ಒಮ್ಮೆಯೂ ಹಾಡಿರಲಿಲ್ಲ. ದನಿಯಲ್ಲಿ ಒಂದು ಸಣ್ಣ ನಡುಕವಿತ್ತು, ಅದು ಮುದುಕನಿಗೆ ಒಪ್ಪುತ್ತಿತ್ತು. ಸಭೆಯಲ್ಲಿ ಮಾತು ನಿಂತಿತ್ತು. ಮತ್ತೆ ಪಲ್ಲವಿಗೆ ಬಂದ. ಇನ್ನು ಎರಡನೆಯ ಚರಣ ಎತ್ತಿಕೊಳ್ಳಬೇಕು. ಅವನು ಮೂರನೆಯದನ್ನು ಎತ್ತಿಕೊಂಡ.

ಅದರಿಂದ ಏನೂ ಕೆಟ್ಟಿರಲಿಲ್ಲ. ಎರಡನೆಯ ಚರಣದಲ್ಲಿ ರಾಜ ಮಗನ ಬಾಲ್ಯ ನೆನೆಯುತ್ತಾನೆ, ಮೂರನೆಯದರಲ್ಲಿ ಹರಸುತ್ತಾನೆ. ನಡುವಿನದು ಬಿಟ್ಟುಹೋದರೆ ಕೇಳುವವರಿಗೆ ತಿಳಿಯುವುದಿಲ್ಲ. ಮೇಷ್ಟ್ರು ಒಂದು ಕ್ಷಣವೂ ತಡವರಿಸದೆ ಅವನ ಜೊತೆ ಹೋದರು. ತಬಲವೂ ಹೋಯಿತು. ಮೂರನೆಯ ಚರಣದ ಮೊದಲ ಸಾಲನ್ನು ಅಣ್ಣ ಪೂರ್ತಿ, ಶ್ರುತಿಯಲ್ಲಿ ಹಾಡಿದ.

ನನ್ನ ಬೆರಳು ಎರಡನೆಯ ಚರಣದ ಮೇಲಿತ್ತು. ನಾನು ತಲೆ ಆಡಿಸಿದೆ.

ಎರಡು ಸಲ, ಎಡಕ್ಕೆ ಬಲಕ್ಕೆ. ಯೋಚಿಸಿ ಮಾಡಿದ್ದಲ್ಲ. ಅದೇ ಹೊತ್ತಿಗೆ ಅಣ್ಣ ಮುಖವನ್ನು ನನ್ನ ಕಡೆ ತಿರುಗಿಸಿದ. ಮೂರನೆಯ ಚರಣದಲ್ಲಿ ರಾಜ ಮಗನ ಕಡೆ ತಿರುಗಬೇಕೆಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಮಗ ನಿಂತಿದ್ದದ್ದು ನನ್ನ ಮುಂದೆ. ಅವನು ತಿರುಗಿದ್ದು ಮಗನನ್ನು ನೋಡಲೋ ನನ್ನನ್ನು ನೋಡಲೋ ನನಗೆ ಗೊತ್ತಿಲ್ಲ. ಬಾಯಿ ತೆರೆದೇ ಇತ್ತು, ದನಿ ನಿಂತಿತ್ತು.

ಮೇಷ್ಟ್ರು ಆ ಸ್ವರದ ಸುತ್ತ ಸುತ್ತತೊಡಗಿದರು. ಅಣ್ಣ ನನ್ನನ್ನೇ ನೋಡುತ್ತಿದ್ದ. ನಾನು ಪುಸ್ತಕ ಎತ್ತಿ, ಮುಂದುವರಿಸು ಎಂದು ಕೈಸನ್ನೆ ಮಾಡಿದೆ. ಅದು ಅವನಿಗೆ ತಿಳಿಯಲಿಲ್ಲ. ಆಮೇಲೆ ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಪಿಸುದನಿಯಲ್ಲಿ ಸಾಲು ಹೇಳಿಕೊಟ್ಟೆ. ಎರಡನೆಯ ಚರಣದ ಸಾಲು. ಅವನು ಹಾಡುತ್ತಿದ್ದದ್ದು ಮೂರನೆಯದು, ನಾನು ಹೇಳಿದ್ದು ಎರಡನೆಯದು. ಅವನು ನನ್ನ ಸಾಲಿನ ಮೊದಲ ಮಾತು ಹಿಡಿದ, ಅದು ಸ್ವರಕ್ಕೆ ಕೂರಲಿಲ್ಲ, ಬಿಟ್ಟ. ತನ್ನ ಸಾಲಿಗೆ ಹೋದ, ಅದೂ ಬರಲಿಲ್ಲ. ಹಿಂದಿನ ಕುರ್ಚಿಗಳಿಂದ ಒಂದು ಶಿಳ್ಳೆ ಬಂತು, ಆಮೇಲೆ ನಾಲ್ಕೈದು. ಹಾರ್ಮೋನಿಯಂ ಇನ್ನೂ ಸುತ್ತುತ್ತಲೇ ಇತ್ತು. ಎಷ್ಟು ಸುತ್ತು ಎಂದು ನಾನು ಎಣಿಸಲಿಲ್ಲ. ಎಣಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಕೊನೆಗೆ ಡ್ರೈವರು ಮುಂದೆ ಹೋಗಿ ಅಣ್ಣನ ಕಾಲು ಮುಟ್ಟಿ, “ಅಪ್ಪಾಜಿ, ಅಪ್ಪಣೆಯಾಗಲಿ, ಹೋಗಿ ಬರುತ್ತೇನೆ” ಎಂದು ಪುಸ್ತಕದಲ್ಲಿಲ್ಲದ ಮಾತು ಹೇಳಿ ದೃಶ್ಯ ಮುಗಿಸಿದ. ಪರದೆ ಇಳಿಯಿತು. ಅವತ್ತು ಕರೆಂಟಿನ ಮಾತನ್ನು ಅವನು ಆಡಲಿಲ್ಲ. ಯಾರೂ ಆಡಲಿಲ್ಲ.

ಬಣ್ಣದ ಕೋಣೆಯಲ್ಲಿ ಅಣ್ಣ ಒಂದು ಟ್ರಂಕಿನ ಮೇಲೆ ಕೂತಿದ್ದ, ಕಿರೀಟ ತೊಡೆಯ ಮೇಲೆ. ನಾನು ಬಾಗಿಲಲ್ಲಿ ನಿಂತೆ. ಮೇಷ್ಟ್ರು ಬಂದರು.

“ಎಲ್ ಅತ್ತುದ್ರೂ ಅದೇ ಬಸ್ಸು ಅಂದಿರ್ನಿಲ್ವ ನಾನು? ಅತ್ಕಂಡಿದ್ಯಲ್ಲ ಕಣಣ್ಣ, ಕೂತೂ ಆಗಿತ್ತು. ಯಾಕ್ ಇಳ್ದೆ?”

ಅಣ್ಣ ಕಿರೀಟವನ್ನು ಮತ್ತೆ ತಲೆಗಿಟ್ಟುಕೊಂಡ. ನನ್ನ ಕಡೆ ನೋಡಲಿಲ್ಲ. ಅವನಿಗೆ ಇನ್ನೂ ಎರಡು ದೃಶ್ಯ ಇದ್ದವು, ಮಾಡಿದ. ಪದಗಳನ್ನು ಹಾಡಲಿಲ್ಲ, ಮಾತಿನ ಹಾಗೆ ಹೇಳಿದ. ಒಂದು ಅಕ್ಷರವೂ ತಪ್ಪಲಿಲ್ಲ. ಅತ್ತಿಗೆ ಹಾರ ಹಾಕಿದಾಗ ತಲೆ ಬಗ್ಗಿಸಿದ, ಫೋಟೋಗೆ ನಿಂತ.

ಅರ್ಜಿ ಕೊಡುವ ಕೊನೆಯ ದಿನಕ್ಕೆ ಮೂರು ವಾರ ಉಳಿದಿತ್ತು. ಎರಡು ಸಲ ಫೋನ್ ಮಾಡಿದೆ. “ನೋಡನ ಬುಡು” ಎಂದ. ಮೂರನೆಯ ಸಲ ಅತ್ತಿಗೆ ಎತ್ತಿಕೊಂಡರು. “ಆ ಕಾಗ್ದನ ಒಲೆ ಅತ್ರ ಕಂಡೆ ಕಣಪ್ಪ. ನಾನೇ ಎತ್ತಿಟ್ಟಿವ್ನಿ. ನೀನೊಂದ್ ಮಾತು ಏಳು, ನಿನ್ ಮಾತು ಕೇಳ್ತರೆ,” ಎಂದರು. ನಾನು ಹೇಳಿದ್ದು ಕೇಳುತ್ತಾನೆ ಎಂಬುದೇ ನನಗೆ ಅವತ್ತಿನಿಂದ ಭಯವಾಗಿತ್ತು. ನಾನು ಬ್ಲಫಿನ ಅವರ ಮನೆಗೆ ಹೋಗಲಿಲ್ಲ. ದಿನ ಕಳೆಯಿತು.

ಅಣ್ಣ ಮತ್ತೆ ಯಾವ ಅಭ್ಯಾಸಕ್ಕೂ ಹೋಗಲಿಲ್ಲ. ಮೊದಲು ಪವರ್ ಹೌಸಿಗೆ ಹೊಸ ಯಂತ್ರವೋ ಹೊಸ ಮೀಟರೋ ಬಂದರೆ ಎಂಜಿನಿಯರುಗಳ ಹಿಂದೆ ನಿಂತು, “ಇದೇನ್ಸಾರ್, ಇದ್ಯಾಕ್ಸಾರ್” ಎಂದು ಕೇಳುತ್ತಿದ್ದನಂತೆ. ಕೊನೆಯ ಎರಡು ವರ್ಷ ಹಾಗೆ ಕೇಳಿದ್ದನ್ನು ಕಾಣಲಿಲ್ಲ ಎಂದು ಅವನ ಜೊತೆಯವರೊಬ್ಬರು ಬೀಳ್ಕೊಡುಗೆಯ ದಿನ ನನಗೆ ಹೇಳಿದರು. ಇದು ಕೇಳಿದ ಮಾತು, ನಾನು ಕಂಡದ್ದಲ್ಲ.

ನಿವೃತ್ತಿಯಾದ ಮೇಲೆ ಅಣ್ಣ ಅತ್ತಿಗೆ ಮಳವಳ್ಳಿಯಲ್ಲಿ ಮನೆ ಮಾಡಿದರು. ಹೋದ ವರ್ಷ ಸಂಕ್ರಾಂತಿ ಹಬ್ಬದ ಮಾರನೆಯ ದಿನ ಅಲ್ಲಿಗೆ ಹೋದೆ. ಹೇಳಿಬಿಡಬೇಕೆಂದೇ ಹೋದೆ. ಬಸ್ಸಿನಲ್ಲಿ ಮಾತನ್ನು ಜೋಡಿಸಿಕೊಂಡಿದ್ದೆ: ನೀನು ಮರೆಯಲಿಲ್ಲ ಅಣ್ಣ, ನೀನು ಸರಿಯಾಗಿಯೇ ಹಾಡುತ್ತಿದ್ದೆ, ನಾನು ತಲೆ ಆಡಿಸಿದೆ. ಅಣ್ಣ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ನಾನೂ ಕೂತು ನಾಲ್ಕು ಸುಲಿದೆ.

“ಅಣ್ಣ, ಅವತ್ತು…”

“ಯಾವತ್ತು?”

“ಮಂಡ್ಯದಲ್ಲಿ.”

“ಓ, ಅದಾ.” ಕಾಯಿ ಸುಲಿಯುವುದನ್ನು ಅವನು ನಿಲ್ಲಿಸಲಿಲ್ಲ. “ನಂಗೇ ಮರ್ತೋಯ್ತು ಬುಡ್ಲಾ. ಅಪ್ಪ ಏಳ್ತಿರ್ನಿಲ್ವ, ಇವನ್ ತಲೇಲಿ ಏನೂ ನಿಲ್ಲಕಿಲ್ಲ ಅಂತ? ಆವಾಗೆಲ್ಲ ನಂಗೆ ಸಿಟ್ಟು ಬರದು. ಸರ್ಯಾಗೇ ಏಳಿದ್ದ ಕಣ್ಲಾ ಅಪ್ಪ.”

ಅವನು ಅದನ್ನು ದುಃಖದಿಂದ ಹೇಳಲಿಲ್ಲ. ಒಂದು ಲೆಕ್ಕ ಮುಗಿದು, ಉತ್ತರ ಬಂದು, ಕೆಳಗೆ ಗೆರೆ ಎಳೆದವನ ಹಾಗೆ ಹೇಳಿದ. ನಲವತ್ತು ವರ್ಷ ಅವನು ಒಪ್ಪದೆ ಇದ್ದ ಮಾತು ಅದು. ನಾನು ಜೋಡಿಸಿಕೊಂಡು ಬಂದದ್ದು ಬಾಯಲ್ಲೇ ಇತ್ತು. ಹೇಳಿದರೆ ತಪ್ಪು ನನ್ನದಾಗುತ್ತಿತ್ತು. ಅಷ್ಟೇ, ಇನ್ನೇನೂ ಆಗುತ್ತಿರಲಿಲ್ಲ. ಜೀವನವೆಲ್ಲ ಬೇರೆಯವರ ತಪ್ಪು ತಿದ್ದಿದವನು, ಅಣ್ಣ ಕಣ್ಣೆದುರೇ ಹೇಳಿದ ಆ ಒಂದು ತಪ್ಪನ್ನು ತಿದ್ದಲಿಲ್ಲ. ಅತ್ತಿಗೆ ಕಾಫಿ ತಂದರು. ಕುಡಿದೆ. ನಾಲ್ಕು ಇಪ್ಪತ್ತರ ಬಸ್ಸಿಗೆ ಹೊರಟುಬಂದೆ.

ನಾನು ತಲೆ ಆಡಿಸಿದ್ದು ನಿಜವೋ, ಆಮೇಲೆ ನಾನೇ ಕಲ್ಪಿಸಿಕೊಂಡದ್ದೋ ಎಂದು ಒಮ್ಮೊಮ್ಮೆ ಅನುಮಾನ ಬರುತ್ತಿತ್ತು. ಅನುಮಾನ ಬರಲೆಂದು ನಾನು ಬಯಸುತ್ತಿದ್ದೆ ಎಂದರೂ ಸರಿ. ಕಳೆದ ತಿಂಗಳು ಮದ್ದೂರಿನಲ್ಲಿ ತಬಲದವರ ಅಂಗಡಿಗೆ ಹೋಗಿ ಕೇಳಿದೆ. ಅವರು ಕೈಯ ಗ್ರೀಸು ಒರೆಸಿಕೊಂಡರು.

“ನೋಡ್ದೆ ಸಾರ್. ಎರಡ್ ಸಲ ಆಡಿಸಿದ್ರಿ. ನಾನು ಯಾರ್ಗೂ ಹೇಳಿಲ್ಲ.”

“ಅಣ್ಣ ನೋಡಿದ್ನಾ?”

“ಅದನ್ನ ನೀವು ಅವ್ರನ್ನೇ ಕೇಳ್ಬೇಕು. ನನ್ನ ಯಾಕ್ ಕೇಳ್ತೀರಿ?”

ಅವನಿಗೆ ಹೇಳುವ ಮೊದಲು ಇಲ್ಲಿ ಬರೆಯುತ್ತಿದ್ದೇನೆ. ಇದೂ ಹೇಡಿತನವೇ ಇರಬಹುದು. ಆದರೂ ಬರೆದದ್ದಕ್ಕೆ ಸಾಕ್ಷಿ ಯಾರು ಎಂಬುದನ್ನು ಹೇಳಿ ನಿಲ್ಲಿಸುತ್ತೇನೆ. ನಾಟಕದ ಮೇಷ್ಟ್ರು ಅದರ ಮುಂದಿನ ವರ್ಷ ತೀರಿಕೊಂಡರು, ಅವರು ನನ್ನನ್ನು ನೋಡಿದ್ದರೋ ಇಲ್ಲವೋ ತಿಳಿಯದು. ಡ್ರೈವರು ಇದ್ದಾನೆ, ಅವನ ಬೆನ್ನು ನನ್ನ ಕಡೆಗಿತ್ತು, ಕಂಡದ್ದು ಅಣ್ಣನ ಮುಖ ಮಾತ್ರ. ಅತ್ತಿಗೆ ಇದ್ದಾರೆ, ಮೂರನೆಯ ಸಾಲಿನಿಂದ ಸೈಡ್‌ವಿಂಗಿನ ಹಿಂದೆ ಕಾಣುವುದಿಲ್ಲ, ಗಂಡ ಮರೆತ ಎಂದೇ ಅವರು ತಿಳಿದಿದ್ದಾರೆ. ತಬಲದವರು ಕಂಡರು, ಇದ್ದಾರೆ, ಕೇಳಿದವರಿಗೆ ಹೇಳುತ್ತಾರೆ. ಇನ್ನೊಬ್ಬ ಅಣ್ಣ. ಒಂಬತ್ತು ಹೆಜ್ಜೆ ದೂರದಲ್ಲಿ, ನನಗೆ ಎದುರಾಗಿ ನಿಂತಿದ್ದವನು. ಮಳವಳ್ಳಿಯಲ್ಲಿ ಇದ್ದಾನೆ, ಆರೋಗ್ಯವಾಗಿದ್ದಾನೆ.